ಅಚ್ಚು ಜಾರಿದ ಎರಡು ರೂಪಾಯಿ

"ಕೈ ತೆಗಿ."

ಬಲು ಮೆಲ್ಲಗೆ ಬಂದ ಮಾತು ಅದು. ಬಸ್ಸಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ಭವ್ಯಳಿಗೆ ಕೇಳಿಸಿತು.

ಅವಳ ಬಲಗೈ ಕಂಡಕ್ಟರನ ಚರ್ಮದ ಚೀಲದೊಳಗಿತ್ತು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಖಾಸಗಿ ಬಸ್ಸು ತೆರಕಣಾಂಬಿಯಲ್ಲಿ ನಿಂತಿತ್ತು. ಮೇಲಿನಿಂದ ಚೆಂಡುಹೂವಿನ ಮೂಟೆ ಇಳಿಸಬೇಕಿತ್ತು. ಕಂಡಕ್ಟರ್ ರಘುನಾಥ ಏಣಿ ಹತ್ತುವ ಮುಂಚೆ, ಮುಂದಿನ ಸೀಟಿನಲ್ಲಿ ಕೂತಿದ್ದ ಇವಳ ಮಡಿಲಿಗೆ ಚೀಲ ಇಟ್ಟು, "ಒಸಿ ಇಟ್ಕೊಂಡಿರಿ" ಅಂದು ಹೋಗಿದ್ದ. ಕೆಳಗಿಳಿದು ಬಂದು ನೋಡಿದರೆ... ಇದು.

"ನಿಮ್ಮನ್ನ ನಂಬಿ ಕೊಟ್ರೆ ಹಿಂಗಾ ಮಾಡೋದು?"

ಹಿಂದಿನ ಸೀಟಿನವರು ಕತ್ತು ಚಾಚಿದರು. ಭವ್ಯ ಕೈ ಹೊರಗೆ ತೆಗೆದಳು. ಬೆರಳ ನಡುವೆ ಒಂದು ಎರಡು ರೂಪಾಯಿ ನಾಣ್ಯ. ಎಡಗೈ ಬಿಚ್ಚಿದಳು. ಅದರಲ್ಲೂ ಒಂದು ಎರಡು ರೂಪಾಯಿ.

"ಕದೀತಿರ್ಲಿಲ್ಲ. ಬದಲಾಯಿಸ್ತಿದ್ದೆ. ಇದನ್ನ ತಗೊಂಡು ನಂದನ್ನ ಹಾಕ್ತಿದ್ದೆ."

"ಎರಡು ರೂಪಾಯಿ ಕೊಟ್ಟು ಎರಡು ರೂಪಾಯಿ ತಗೊಳ್ಳೋದಾ? ಯಾರ್ಗೇಳ್ತೀರಿ ಕಥೆಯ?"

ಡ್ರೈವರ್ ಮಾದೇಶ್ ಹಿಂದಕ್ಕೆ ತಿರುಗಿ ನಕ್ಕ. "ಬುಡ್ಲಾ ರಘು, ತಲೆ ಸರಿಗಿಲ್ವೇನೋ."

ಅವಳ ಕಣ್ಣು ತುಂಬಿತು. ಆದರೆ ಧ್ವನಿ ನಡುಗಲಿಲ್ಲ. ನಾಣ್ಯವನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದಳು. "ಇತ್ತ ನೋಡಿ. ಭೂಪಟ ನೆಟ್ಟಗದೆ ಅಲ್ವಾ? ಈಗ ಹಂಗೇ ಪಕ್ಕಕ್ಕೆ ತಿರುಗಿಸ್ತೀನಿ. ಈ ಕಡೆ ಸಿಂಹನೂ ನೆಟ್ಟಗೆ ನಿಂತಿರ್ಬೇಕು."

ಅವನು ಬಗ್ಗಿ ನೋಡಿದ. ಸಿಂಹಗಳು ಪಕ್ಕಕ್ಕೆ ವಾಲಿ ಮಲಗಿದ್ದವು.

"ಅಚ್ಚು ಹಾಕೋವಾಗ ತಪ್ಪಾಗದೆ. ಮೈಸೂರಲ್ಲಿ ಇಂಥವನ್ನ ಕೊಂಡ್ಕೊಳ್ಳೋರವ್ರೆ. ಒಳ್ಳೇ ಬೆಲೆ ಕೊಡ್ತಾರೆ... ತಗೊಳ್ಳಿ, ನಿಮ್ಮ ಚೀಲದ್ದು, ನಿಮ್ಮದೇ."

ಅವನ ಅಂಗೈಗೆ ನಾಣ್ಯ ಹಾಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ರಘುನಾಥ ನಾಣ್ಯವನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಬಸ್ಸು ಹೊರಟ ಮೇಲೆ, ಟಿಕೆಟ್ ಹರಿಯುತ್ತಾ ಅವಳ ಸೀಟಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ: "ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಕೊಡ್ತಿದ್ದೆ. ಹೇಳ್ದಲೆ ಬದಲಾಯಿಸೋದು ತಪ್ಪಲ್ವಾ?"

ತಪ್ಪೇ... ಅವಳಿಗೂ ಗೊತ್ತಿತ್ತು.

ಅದು ಎರಡು ಸಾವಿರದ ಆರನೇ ಇಸವಿ. ಭವ್ಯ ಹರದನಹಳ್ಳಿಯ ಹುಡುಗಿ. ಗುಂಡ್ಲುಪೇಟೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ. ಅಪ್ಪ ನಿಂಗಯ್ಯ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿದ್ದ. ಇವಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದೊಂದು ಕಾಸನ್ನೂ ಎರಡು ಮುಖ ತಿರುಗಿಸಿ ನೋಡುವುದನ್ನು ಕಲಿಸಿದ್ದ. ಇಸವಿಯ ಕೆಳಗೆ ಟಂಕಸಾಲೆಯ ಗುರುತಿನ ಪುಟಾಣಿ ನಕ್ಷತ್ರ ನೋಡು, ಅಂಚು ನೋಡು, ಅಕ್ಷರ ಎರಡೆರಡಾಗಿ ಬಿದ್ದಿದೆಯಾ ನೋಡು. ಅವನು ಹೋಗಿ ವರ್ಷಗಳಾದವು. ಅವಳ ಬೆರಳು ಮಾತ್ರ ಆ ಪಾಠ ಬಿಟ್ಟಿರಲಿಲ್ಲ. ನೋಡದೆ ಒಂದು ಕಾಸನ್ನೂ ಯಾರಿಗೂ ಕೊಟ್ಟವಳಲ್ಲ.

ಮರುವಾರ ಅದೇ ಬಸ್ಸು, ಅದೇ ಸೀಟು.

"ಮೇಡಂ, ಇದು ನೋಡಿ." ರಘುನಾಥ ಜೇಬಿನಿಂದ ನಾಲ್ಕಾರು ನಾಣ್ಯ ತೆಗೆದ.

ಅವಳು ನೋಡಿದಳು. "ಇದೆಲ್ಲ ಟೀ ಕುಡಿಯೋಕಷ್ಟೇ."

ಅವನ ಮುಖ ಪೆಚ್ಚಾಯಿತು. ಅವಳಿಗೆ ಆ ಬೆಳಗ್ಗೆ ಮೊದಲ ಸಲ ನಗು ಬಂತು.

ಹಾಗೆ ಶುರುವಾಯಿತು. ದಿನವೂ ಅವನು ಒಂದಿಷ್ಟು ಎತ್ತಿಡುವುದು, ದಿನವೂ ಅವಳು ತಳ್ಳಿಹಾಕುವುದು. ಮಾದೇಶ್ ಕನ್ನಡಿಯಲ್ಲಿ ನೋಡುತ್ತಾ, "ಲೋ, ಸಿಂಹ ಎದ್ದು ನಿಂತಿತೇನ್ಲಾ?" ಅಂತ ರೇಗಿಸುವುದು. ನಾಣ್ಯದ ಮಾತು ಯಾವಾಗ ಊಟದ ಮಾತಾಯಿತೋ, ಊಟದ ಮಾತು ಯಾವಾಗ "ನಾಳೆ ಬತ್ತೀಯಲ್ಲ" ಅನ್ನುವುದಾಯಿತೋ... ಇಬ್ಬರಿಗೂ ತಿಳಿಯಲಿಲ್ಲ.

ಟಿಕೆಟ್ ಮಾತ್ರ ಅವಳು ತಪ್ಪಿಸಲಿಲ್ಲ. "ಚೆಕಿಂಗ್ ಬಂದ್ರೆ ನಿಮ್ಮ ಕೆಲಸ ಹೋಗುತ್ತೆ" ಅನ್ನುವಳು.

ಒಂದು ದಿನ ಅವನು ಏನನ್ನೋ ಮುಷ್ಟಿಯಲ್ಲಿ ಹಿಡಿದು ಬಂದ. "ಇದನ್ನ ನಾನೇ ಹುಡುಕಿದ್ದು. ಯಾರೂ ಹೇಳ್ಕೊಟ್ಟಿಲ್ಲ."

ಭವ್ಯ ಉಸಿರು ಬಿಗಿಹಿಡಿದು ನೋಡಿದಳು. ಎರಡು ರೂಪಾಯಿ... ಆದರೆ ಅಚ್ಚು ಒಂದು ಕಡೆ ಜಾರಿತ್ತು. ಒಂದು ಅಂಚು ಬೋಳು. ಭೂಪಟದ ಕೆಳತುದಿ ನಾಣ್ಯದಿಂದಲೇ ಆಚೆ ಹೋಗಿತ್ತು.

"ನೋಡಿ, ನಾವಿರೋ ಕಡೆನೇ ಇಲ್ಲ ಇದ್ರಲ್ಲಿ," ಅಂದಳು, ನಗುತ್ತಾ. "ಇದು ನಿಜಕ್ಕೂ ಅಪರೂಪ. ಎಷ್ಟಕ್ಕೆ ಮಾರ್ತೀರಿ?"

"ಮಾರಲ್ಲ. ಇದ್ರ ಕೆಲಸ ಬೇರೆ ಅದೆ."

ಆ ಕೆಲಸ ಏನು ಅನ್ನುವುದು ಕಾರ್ತಿಕದಲ್ಲಿ ಗೊತ್ತಾಯಿತು.

ಹಂಗಳದಿಂದ ರಘುನಾಥನ ಅಪ್ಪ ಪುಟ್ಟಮಾದಯ್ಯ, ತಾಯಿ ಸೋಮಮ್ಮ ಹರದನಹಳ್ಳಿಗೆ ಬಂದರು. ವೀಳ್ಯಶಾಸ್ತ್ರ. ಅವರ ಕಡೆ ಅದು ಮಾತಿಗಿಂತ ದೊಡ್ಡದು. ಗಂಡಿನ ತಾಯಿ ವೀಳ್ಯದೆಲೆಯ ಮೇಲೆ ಒಂದು ಕಾಸಿಟ್ಟು ಹೆಣ್ಣಿನ ಮಡಿಲಿಗೆ ಹಾಕಬೇಕು. ಹೆಣ್ಣಿನವರು ಅದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಡಬೇಕು. ಮುಹೂರ್ತದ ತನಕ ಗಂಟು ಬಿಚ್ಚಬಾರದು. ಹೆಣ್ಣಿಗೆ ಸಂಬಂಧ ಬೇಡವೆನಿಸಿದರೆ ಆ ಕಾಸನ್ನು ವಾಪಸ್ ಕೊಟ್ಟರೆ ಸಾಕು. ಯಾರೂ ಯಾಕೆ ಅಂತ ಕೇಳುವುದಿಲ್ಲ, ಯಾರೂ ಜಗಳ ಆಡುವುದಿಲ್ಲ. ಅಲ್ಲಿಗೆ ಮುಗಿಯಿತು.

ಸೋಮಮ್ಮ ಎಲೆಯ ಮೇಲೆ ಇಟ್ಟದ್ದು ಅಚ್ಚು ಜಾರಿದ ಆ ಎರಡು ರೂಪಾಯಿ.

ಭವ್ಯ ತಲೆ ಎತ್ತಿದಳು. ಗಂಡಸರ ಸಾಲಿನಲ್ಲಿ ಕೂತಿದ್ದ ರಘುನಾಥ ಚಾಪೆಯ ಅಂಚನ್ನು ಕೀಳುತ್ತಾ ಕಿವಿವರೆಗೂ ಕೆಂಪಾಗಿದ್ದ.

ಭವ್ಯಳ ಸೋದರಮಾವ ರಂಗಸ್ವಾಮಿ ಮಾತ್ರ ಎಲೆ ಮೆಲ್ಲುತ್ತಾ ಅಂದ: "ತಾಲ್ಲೂಕಾಫೀಸಿನ ಗುಮಾಸ್ತನ ಕಡೆಯಿಂದ ಕೇಳಿದ್ರು ನಮ್ಮುಡುಗೀನ. ಅವಳ ಹಣೇಲಿ ಸೀಟಿ ಊದೋನೇ ಬರ್ದಿದ್ರೆ ನಾವೇನ್ಮಾಡನ?"

ಎಲ್ಲರೂ ನಕ್ಕರು. ರಘುನಾಥನೂ ನಕ್ಕ. ಆದರೆ ಆ ನಗು ಕಣ್ಣಿಗೆ ಮುಟ್ಟಲಿಲ್ಲ. ಭವ್ಯ ಅದನ್ನು ಗಮನಿಸಿದಳು... ಆಮೇಲೆ ಸಂತೋಷದಲ್ಲಿ ಮರೆತಳು.

ಅದಾಗಿ ಮುಂದಿನ ಸೋಮವಾರ.

ಬೆಳಗ್ಗೆ ಹೊರಡುವಾಗ ಅವ್ವ ಸಣ್ಣತಾಯಮ್ಮ ಒಂದು ಕಾಗದದ ಪೊಟ್ಟಣ ಕೈಗಿಟ್ಟಳು. "ನಗರದವರ್ಗೂ ಬಸ್ ಚಾರ್ಜು ಕಣವ್ವ. ಚಿಲ್ರೆ ಅದೆ."

ಪಕ್ಕದ ಮನೆಯವರು ಟಿವಿಎಸ್‌ನಲ್ಲಿ ಚಾಮರಾಜನಗರದ ಕಡೆ ಹೊರಟಿದ್ದರು. ಭವ್ಯ ಹಿಂದೆ ಹತ್ತಿಕೊಂಡಳು. ಊರ ಬಸ್ಸಿಗೆಂದು ಕೊಟ್ಟ ಪೊಟ್ಟಣ ಹಾಗೇ ಉಳಿಯಿತು.

ಅಲ್ಲಿಂದ ಹೊರಡುವ ಗುಂಡ್ಲುಪೇಟೆ ಬಸ್ಸು ತುಂಬಿ ತುಳುಕುತ್ತಿತ್ತು. ವೀಳ್ಯ ಆದ ಮೇಲೆ ಅವನನ್ನು ನೋಡುತ್ತಿರುವುದು ಅದೇ ಮೊದಲು. ಜನರ ನಡುವೆ ತೂರಿಕೊಂಡು ಅವನು ಹತ್ತಿರ ಬಂದ. ಹೊಸದಾಗಿ ಕ್ಷೌರ ಮಾಡಿಸಿದ್ದ. ಗಲ್ಲದ ಮೇಲೆ ಸಣ್ಣ ಗಾಯ. ಅವಳು ಪರ್ಸಿನಿಂದ ಹತ್ತರ ನೋಟು, ಜೊತೆಗೆ ಆ ಪೊಟ್ಟಣ ತೆಗೆದು ಕೊಟ್ಟಳು.

ಅವನು ಪೊಟ್ಟಣ ಬಿಚ್ಚಿದ.

ಅವನ ಕೈ ಅಲ್ಲೇ ನಿಂತುಬಿಟ್ಟಿತು.

ತಲೆ ಎತ್ತಿ ಅವಳನ್ನು ನೋಡಿದ. ಅವಳು ನಾಚಿ ನಕ್ಕಳು. ಅವನು ನಗಲಿಲ್ಲ. ಟಿಕೆಟ್ ಹರಿದು ಕೊಟ್ಟ. ಒಂದು ಮಾತಿಲ್ಲದೆ ಹಿಂದಕ್ಕೆ ಹೋದ. ಗುಂಡ್ಲುಪೇಟೆ ಬರುವವರೆಗೂ ಮುಂದಕ್ಕೆ ಬರಲೇ ಇಲ್ಲ.

*ಏನಾಯ್ತು ಇವರಿಗೆ? ಜ್ವರ ಬಂದಿದೆಯಾ?*

ಮಾರನೇ ದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರ್, ಬೇರೆ ಡ್ರೈವರ್. "ರಘು ಮತ್ತೆ ಮಾದೇಶ್ ಡ್ಯೂಟಿ ಬದಲಾಯಿಸ್ಕೊಂಡ್ರು. ಹಂಗಳದ ಕಡೆ ಹಳ್ಳಿ ಬಸ್ಸಿಗೆ," ಅಂದ ಹೊಸಬ.

ಅಂಗಡಿಯ ಫೋನಿಂದ ರಘುನಾಥನಿಗೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಕಟ್ ಆಯಿತು. ಬಿಲ್ಲು ತಪ್ಪು ಬರೆದಳು, ಬೈಸಿಕೊಂಡಳು. ಊಟದ ಡಬ್ಬಿ ತೆರೆಯದೆ ವಾಪಸ್ ಒಯ್ದಳು.

ಭಾನುವಾರ ಪುಟ್ಟಮಾದಯ್ಯ ಒಬ್ಬರೇ ಬಂದರು. ಕೂರಲಿಲ್ಲ. ನೀರು ಮುಟ್ಟಲಿಲ್ಲ.

"ನಿಮ್ಮ ಮಗಳು ಕಾಸು ವಾಪಸ್ ಕೊಟ್ಟವ್ಳೆ. ಸರಿ ಬುಡಿ. ನಮ್ಗೇನೂ ಬೇಜಾರಿಲ್ಲ. ಶುಕ್ರವಾರ ಬೇಗೂರಿನ ಕಡೆ ಒಂದು ಹೆಣ್ಣು ನೋಡಕ್ಕೋಯ್ತಾ ಇವ್ನಿ. ಹೇಳ್ಬುಟ್ಟು ಹೋಗನ ಅಂತ ಬಂದೆ."

"ಏನಂದ್ರಿ?" ರಂಗಸ್ವಾಮಿ ಎದ್ದು ನಿಂತ. "ಯಾರು ಕೊಟ್ಟಿದ್ದು? ಯಾವಾಗ?"

"ನಾನು ಏನೂ ಕೊಟ್ಟಿಲ್ಲ," ಅಂದಳು ಭವ್ಯ. ಪುಟ್ಟಮಾದಯ್ಯನವರ ಕಡೆ ತಿರುಗಿದಳು. "ಮಾವ, ನಿಮ್ಮಾಣೆ ಕೊಟ್ಟಿಲ್ಲ. ಕಾಸು ದೇವರ ಗೂಡಲ್ಲೇ ಅದೆ."

"ಅಂಗಾದ್ರೆ ನನ್ನ ಮಗನ ಕೈಲಿರೋದು ಏನವ್ವ?"

ಅವಳು ಒಳಗೋಡಿದಳು. ಅರಿಶಿನದ ಗಂಟು ಅಲ್ಲೇ ಇತ್ತು. ತಂದು ಎಲ್ಲರ ಮುಂದೆ ಹಿಡಿದಳು. ಉಸಿರು ಬಂತು. ಇದೋ, ಇಲ್ಲೇ ಇದೆಯಲ್ಲ...

"ಬಿಚ್ಬೇಡ." ಸಣ್ಣತಾಯಮ್ಮ ಮುಂದೆ ಬಂದಳು. "ಮುಹೂರ್ತಕ್ಕೆ ಮುಂಚೆ ಬಿಚ್ಬಾರ್ದು. ಕೆಡುಕಾಯ್ತದೆ."

"ಕೆಡೋದು ಏನು ಉಳ್ದದೆ ಅವ್ವ?"

ಗಂಟು ಬಿಚ್ಚಿದಳು.

ಎರಡು ರೂಪಾಯಿ. ಅಂಚೆಲ್ಲ ಸರಿಯಾಗಿದ್ದ, ಯಾವ ತಪ್ಪೂ ಇಲ್ಲದ ನಾಣ್ಯ. ಭೂಪಟ ಪೂರ್ತಿ ಇತ್ತು. ತಿರುಗಿಸಿದಳು. ಸಿಂಹಗಳು ನೆಟ್ಟಗೆ ನಿಂತಿದ್ದವು.

ಪುಟ್ಟಮಾದಯ್ಯ ಟವಲ್ ಹೆಗಲಿಗೆ ಹಾಕಿಕೊಂಡರು. "ಬದಲಾಯಿಸಿ ಇಟ್ಟವ್ಳೆ," ಅಂದರು, ಕೋಪಕ್ಕಿಂತ ನೋವಿನಿಂದ. "ಬ್ಯಾಡ ಅಂತ ನೇರವಾಗೇ ಅಂದಿದ್ರೆ ಆಯ್ತಿತ್ತು, ಮಗ." ಹೊರಟುಹೋದರು.

ಭವ್ಯ ನಿಂತಲ್ಲೇ ಕುಸಿದು ಕೂತಳು. ರಂಗಸ್ವಾಮಿ ಬಾಯಿಗೆ ಬಂದಂತೆ ಹಂಗಳದವರನ್ನು ಬೈಯುತ್ತಾ ಬೀದಿಗಿಳಿದ. ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಿಚ್ಚಿದ ಗಂಟಿನ ಕಡೆ ಅವಳು ಕಣ್ಣೆತ್ತದಿರುವುದನ್ನು ಭವ್ಯ ನೋಡಿದಳು. ನೋಡುತ್ತಲೇ ಇದ್ದಳು. ನಿಧಾನಕ್ಕೆ ಅರ್ಥವಾಯಿತು.

"ಅವ್ವ... ನೀನಾ?"

ಸಣ್ಣತಾಯಮ್ಮ ನೆಲಕ್ಕೆ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಊನವಾಗಿರೋ ಕಾಸು ಕಣವ್ವ ಅದು... ನಾವಿರೋ ಕಡೆನೇ ಇಲ್ದಿರೋ ಕಾಸು. ನನ್ನ ವೀಳ್ಯಕ್ಕೂ ಮೂಲೆ ಮುರಿದ ಕಾಸು ಇಟ್ಟಿದ್ರು. ನಮ್ಮತ್ತೆ ಅವತ್ತೇ ಅಂದ್ರು, ಇದು ಪೂರ್ತಿ ಬಾಳಾಗಲ್ಲ ಅಂತ. ನಿಮ್ಮಪ್ಪ ಎಷ್ಟು ದಿನ ಉಳ್ಕೊಂಡ್ರು? ಹೇಳು. ನಿಂಗೂ ಹಂಗಾಗ್ಬಾರ್ದು ಅಂತ... ಗಂಟು ಬಿಚ್ಚಿ ಒಳ್ಳೇ ಕಾಸಿಟ್ಟೆ."

"ಅದನ್ನ ಏನ್ಮಾಡ್ದೆ?"

"ಎಸೆಯಕ್ಕೆ ಮನಸ್ಸು ಬರ್ಲಿಲ್ಲ, ಲಕ್ಷ್ಮಿ ಅಲ್ವಾ. ಮನೇಲಿ ಇಟ್ಕೊಳ್ಳಕ್ಕೆ ಭಯ. ನಮ್ಮೂರ ಬಸ್ಸಿನ ಚಿಲ್ರೇಲಿ ಊರಾಚೆ ಹೋಗ್ಲಿ ಅಂತ ನಿನ್ನ ಕಣ್ಣಿಗೆ ಬೀಳ್ದಂಗೆ ಪೊಟ್ಟಣಕ್ಕೆ ಹಾಕ್ದೆ. ನೀ ಟಿವಿಎಸ್ ಹತ್ತಿ ಹೋಯ್ತಿಯಾ ಅಂತ ನಂಗೇನ್ ಗೊತ್ತು?"

ಪೊಟ್ಟಣ. ಭವ್ಯಳ ಕಣ್ಣ ಮುಂದೆ ಆ ಸೋಮವಾರ ಬಂದು ನಿಂತಿತು. ಅವನ ನಿಂತುಹೋದ ಕೈ. ಕಾಗದದಲ್ಲಿ ಸುತ್ತಿದ್ದನ್ನು ಅವಳೇ, ತನ್ನ ಕೈಯಾರೆ, ನಗುನಗುತ್ತಾ...

*ಅಯ್ಯೋ ದೇವರೇ. ನಗ್ತಾ ಕೊಟ್ಟೆನಲ್ಲ.*

ಅವ್ವನ ಮೇಲೆ ಉಕ್ಕಿದ ಸಿಟ್ಟು ಅವ್ವನ ಮುಖ ನೋಡುತ್ತಲೇ ಇಳಿದುಹೋಯಿತು. ಹತ್ತಿರ ಹೋಗಿ ಕೂತಳು. "ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಅವ್ವ."

"ನಿಂಗೆ ಹೇಳಿದ್ರೆ ನಗ್ತಿದ್ದೆ. ಮೂಢನಂಬಿಕೆ ಅಂತಿದ್ದೆ."

ಹೌದು. ಅನ್ನುತ್ತಿದ್ದಳು.

ಸೋಮವಾರ ಮಧ್ಯಾಹ್ನ ಮೆಡಿಕಲ್ ಸ್ಟೋರಿನಲ್ಲಿ ಅರ್ಧ ದಿನ ರಜೆ ಕೇಳಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಬಂದಳು. ಹಂಗಳದ ಮೂಲಕ ಮೇಲುಕಾಮನಹಳ್ಳಿಗೆ ಹೋಗುವ ಹಳ್ಳಿ ಬಸ್ಸು ಹೊಗೆ ಬಿಡುತ್ತಾ ನಿಂತಿತ್ತು. ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ ಮಾದೇಶ್ ಅವಳನ್ನು ಕಂಡು ನೆಟ್ಟಗೆ ಕೂತ.

"ಏನಮ್ಮಿ, ಇನ್ನೂ ಯಾವ್ದಾದ್ರೂ ವಾಪಸ್ ಕೊಡಾದು ಉಳ್ದದಾ? ಆ ಪ್ರಾಣಿ ವಾರದಿಂದ ಸರಿಯಾಗಿ ಅನ್ನ ತಿಂದಿಲ್ಲ ಕಣಮ್ಮಿ. ಎಲ್ಲಾರ್ಗೂ ಚಿಲ್ರೆ ಜಾಸ್ತಿ ಜಾಸ್ತಿ ಕೊಡ್ತಾ ಅವ್ನೆ. ಓನರ್ ಬಯ್ತಾವ್ನೆ."

"ಅವರ ಹತ್ರ ಮಾತಾಡ್ಬೇಕು, ಅಣ್ಣ."

ಮಾದೇಶ್ ಅವಳ ಕಣ್ಣು ನೋಡಿದ. ತಮಾಷೆ ನಿಲ್ಲಿಸಿದ. "ಹತ್ತು. ಮುಂದೆ ಕೂತ್ಕೊ."

ಬಸ್ಸು ಊರು ದಾಟಿದ ಮೇಲೆ ರಘುನಾಥ ಟಿಕೆಟ್ ಹರಿಯುತ್ತಾ ಮುಂದೆ ಬಂದ. ಅವಳನ್ನು ನೋಡಿ ಹೆಜ್ಜೆ ತಪ್ಪಿ ಕಂಬಿ ಹಿಡಿದುಕೊಂಡ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ಟಿಕೆಟ್," ಅಂದ, ಅವಳ ಭುಜದಾಚೆ ನೋಡುತ್ತಾ.

"ಆ ಕಾಸು ಎಲ್ಲದೆ?"

"ಯಾವ ಕಾಸು?"

"ರಘು... ಎಲ್ಲದೆ?"

ಅವನು ಅಂಗಿಯ ಮೇಲಿನ ಜೇಬು ಮುಟ್ಟಿಕೊಂಡ. ಅಷ್ಟೇ ಸಾಕಾಯಿತು ಅವಳಿಗೆ. ಚೀಲದಲ್ಲಿರಲಿಲ್ಲ, ಎದೆಯ ಮೇಲಿತ್ತು.

"ನಾನು ಕೊಡ್ಲಿಲ್ಲ ಅದನ್ನ."

"ನಿನ್ನ ಕೈಯಾರೆ ಕೊಟ್ಟೆ. ಕಾಗದದಲ್ಲಿ ಸುತ್ತಿ ಕೊಟ್ಟೆ." ಅವನ ದನಿ ಗಡುಸಾಯಿತು. "ನೋಡಿರ್ಲಿಲ್ಲ ಅಂತ ಮಾತ್ರ ಹೇಳ್ಬೇಡ ಭವ್ಯ. ನೋಡ್ದಲೆ ನೀ ಒಂದು ನಾಕಾಣೆನೂ ಯಾರ್ಗೂ ಕೊಡೋಳಲ್ಲ. ನಿನ್ನ ಹತ್ರ ಕಲ್ತಿದ್ದು ನಾನು. ಗುಮಾಸ್ತನ ಮನೆಯೋರು ಮತ್ತೆ ಬಂದಿದ್ರೆ ಬಂದವ್ರೆ ಅನ್ನು. ನಾನೇನೂ ಅಂದ್ಕೊಳ್ಳಲ್ಲ."

ಹಿಂದೆ ಕೂತಿದ್ದ ಅಜ್ಜಿ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದ್ದಳು.

ಭವ್ಯ ಎಲ್ಲ ಹೇಳಿದಳು. ಅವ್ವನ ಭಯ, ಬಿಚ್ಚಿದ ಗಂಟು, ಪೊಟ್ಟಣ, ಟಿವಿಎಸ್. ಅವನು ಕಂಬಿ ಹಿಡಿದು ಕೇಳಿದ. ಮುಖ ಸಡಿಲವಾಗಲಿಲ್ಲ.

"ಅದೆಲ್ಲ ಸರಿ. ಆದ್ರೆ ಪೊಟ್ಟಣ ಬಿಚ್ಚಿ ನೋಡ್ದೇ ಇರೋಳಾ ನೀನು?"

ಅವಳು ತಲೆ ತಗ್ಗಿಸಿದಳು. ಹೇಳದಿದ್ದರೆ ಶುಕ್ರವಾರ ಬರುತ್ತದೆ, ಬೇಗೂರಿನ ಹುಡುಗಿ ಬರುತ್ತಾಳೆ... ಹೇಳಲೇಬೇಕು.

"ಅವತ್ತು ಕಾಸು ನೋಡ್ಲಿಲ್ಲ," ಅಂದಳು. "ನಿಮ್ಮನ್ನ ನೋಡ್ತಿದ್ದೆ. ಗಲ್ಲದ ಮೇಲೆ ಬ್ಲೇಡು ತಾಗಿ ಗಾಯ ಆಗಿತ್ತು. ಉರೀತಾ ಇದೆಯೇನೋ ಅಂದ್ಕೊಳ್ತಾ ಇದ್ದೆ. ಕೈ ಏನು ಕೊಡ್ತು ಅಂತ ನಂಗೆ ಗೊತ್ತೇ ಇಲ್ಲ."

ರಘುನಾಥನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಗಾಯ ವಾಸಿಯಾಗಿ ತೆಳುವಾದ ಗೆರೆ ಉಳಿದಿತ್ತು.

ಅವನು ಕಣ್ಣು ತುಂಬಿದ್ದನ್ನು ಮರೆಸಲು ಕಿಟಕಿಯ ಕಡೆ ತಿರುಗಿದ.

"ಟಿಕೆಟ್ ಕೊಡ್ಲಾ ಆ ಹುಡ್ಗಿಗೆ," ಅಂದಳು ಅಜ್ಜಿ. "ಎಷ್ಟೊತ್ತು ನಿಲ್ಲಿಸ್ತೀಯಾ?"

"ಎಲ್ಲಿಗೆ?" ಅಂತ ಕೇಳಿದ ಅವನು, ಒಡೆದ ದನಿಯಲ್ಲಿ.

"ಹಂಗಳಕ್ಕೆ. ಅತ್ತೆ ಕೈಯಿಂದಲೇ ಬೀಳ್ಬೇಕಲ್ಲ ಅದು."

ಹಂಗಳದಲ್ಲಿ ಬಸ್ಸು ನಿಂತಾಗ ಮಾದೇಶ್ ಎಂಜಿನ್ ಆರಿಸಿದ. "ಗಾಡಿ ಕಾದದೆ, ನೀರು ಹಾಕ್ಬೇಕು," ಅಂತ ಎಲ್ಲರಿಗೂ ಕೇಳುವಂತೆ ಅಂದ. ಆಮೇಲೆ ಮೆಲ್ಲಗೆ, "ಬೇಗ ಬಾರ್ಲಾ."

ಸೋಮಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಭವ್ಯಳನ್ನು ಕಂಡು ಏಳಲಿಲ್ಲ, ಬಾ ಅನ್ನಲಿಲ್ಲ. ಭವ್ಯ ಅಂಗಳದಲ್ಲೇ ನಿಂತು ಇನ್ನೊಮ್ಮೆ ಎಲ್ಲ ಹೇಳಿದಳು. ವೇಲನ್ನು ಎರಡು ಕೈಯಲ್ಲಿ ಮಡಿಲಿನಂತೆ ಹಿಡಿದಳು.

"ಅತ್ತೆ, ಅದನ್ನ ನಾನು ವಾಪಸ್ ಕೊಟ್ಟಿಲ್ಲ. ಇನ್ನೊಂದ್ಸಲ ಹಾಕಿ. ಬೇಡ ಅನ್ಸಿದ್ರೆ ಹೇಳ್ಬುಡಿ, ಹಂಗೇ ಹೋಯ್ತೀನಿ."

ಸೋಮಮ್ಮ ಒಂದು ಕಾಯಿ ಸುಲಿದಳು. ಇನ್ನೊಂದು ಸುಲಿದಳು.

"ಊನ ಅಂದ್ಲಾ ನಿಮ್ಮವ್ವ?"

"ಹೂಂ ಅತ್ತೆ."

"ನಾನೂ ಅದೇ ಅಂದಿದ್ದೆ ಕಣವ್ವ. ಇದ್ನ ಇಡಬ್ಯಾಡ ಕಣ್ಲಾ, ಬೇರೇದು ಕೊಡು ಅಂದೆ. ಈ ಹಟಮಾರಿ, ಇದೇ ಆಗ್ಬೇಕು, ಅವಳಿಗೆ ಇದ್ರ ಬೆಲೆ ಗೊತ್ತು ಅಂತ ಕೂತ್ಬುಟ್ಟ." ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಬೆಲೆ ಗೊತ್ತಿರೋಳ್ನ ಒಂದು ಮಾತು ಕೇಳ್ದಲೆ ಓಡಿ ಬಂದು ಮೂಲೇಲಿ ಮಲಗ್ದ. ಅವ್ರಪ್ಪನ ಬೇರೆ ಅಲ್ಲಿಗೆ ಓಡ್ಸಿ... ಕೊಡ್ಲಾ ಇತ್ತ."

ಮಗನ ಕೈಯಿಂದ ಕಾಸು ಕಿತ್ತುಕೊಂಡು, ಹಿತ್ತಲ ವೀಳ್ಯದ ಬಳ್ಳಿಯಿಂದ ಒಂದು ಎಲೆ ಕಿತ್ತು ತಂದು, ಎರಡನ್ನೂ ಭವ್ಯಳ ವೇಲಿಗೆ ಹಾಕಿದಳು.

"ನಿಮ್ಮವ್ವನ್ಗೆ ಹೇಳು, ಶುಕ್ರವಾರ ನಾನೇ ಬತ್ತೀನಿ ಅಂತ. ಇಬ್ರೂ ಕೂತು ಮಾದಪ್ಪನ್ಗೆ ಒಂದು ಹರಕೆ ಕಟ್ಕೊಳ್ಳವ. ಅವಳ ಭಯಕ್ಕೂ ಸರಿ, ನನ್ನ ಭಯಕ್ಕೂ ಸರಿ."

ಬಸ್ಸಿನ ಕಡೆ ವಾಪಸ್ ನಡೆಯುವಾಗ ಭವ್ಯ ವೇಲಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಸಿಟ್ಟಾ?" ಅಂದ ಅವನು.

"ಹೂಂ. ವಾರ ಪೂರ್ತಿ ಅತ್ತಿದ್ದೀನಿ. ಒಂದು ಫೋನೆತ್ತಿ ಯಾಕೆ ಅಂತ ಕೇಳೋಕಾಗ್ಲಿಲ್ವಾ ನಿಮಗೆ?"

"ಭಯ ಆಯ್ತು ಕಣಮ್ಮಿ. ಬ್ಯಾಡ ಅಂತ ನಿನ್ನ ಬಾಯಿಂದ ಕೇಳ್ಬುಟ್ರೆ... ಆಮೇಲೆ ಆ ರೋಡಲ್ಲಿ ನಾನು ಓಡಾಡೋದು ಹೆಂಗೆ?"

ಅವಳು ನಿಂತಳು. ಅವನೂ ನಿಂತ. ದೂರದಲ್ಲಿ ಮಾದೇಶ್ ಬಾನೆಟ್ ಮುಚ್ಚಿ ಇವರ ಕಡೆಗೇ ನೋಡುತ್ತಿದ್ದ.

"ಇನ್ಮೇಲೆ ಭಯ ಆದ್ರೂ ಕೇಳ್ಬೇಕು," ಅಂದಳು.

"ಕೇಳ್ತೀನಿ."

"ಈಗ ಒಂದು ಕೇಳಿ ನೋಡೋಣ."

ಅವನು ಆಚೆ ಈಚೆ ನೋಡಿದ. ಕಿವಿ ಕೆಂಪಾದವು.

"ನನ್ನ... ಇಷ್ಟ ಪಡ್ತೀಯಾ?"

ಮಾದೇಶ್ ಸೀಟಿಗೇರಿ ಹಾರನ್ ಹೊಡೆದ. ಅವಳು ಬಸ್ಸಿನ ಕಡೆ ಒಂದು ಹೆಜ್ಜೆ ಹಾಕಿ, ತಿರುಗಿ, ಅವನ ಮುಖವನ್ನೇ ನೋಡುತ್ತಾ ಅಂದಳು:

"ಬಹಳ."